ನೆರಳಿಗೆ ಎಡಬಲವಿಲ್ಲ

ಕೇಪ್‌ಟೌನ್, ಸೋಮವಾರ

ಮಾನ್ಯ ಪ್ರೊಫೆಸರ್ ರೆಟೀಫ್ ಅವರಿಗೆ,

ನಮ್ಮ ಸಂಶೋಧನಾ ಲೇಖನಕ್ಕೆ ನಮ್ಮೆಲ್ಲರ ಹೆಸರಿನಲ್ಲಿ ನೀವು ಪ್ರಕಟಿಸಿದ ತಿದ್ದುಪಡಿಯನ್ನು ಬೆಳಿಗ್ಗೆ ಓದಿದೆ. ಆಗ ಬಗ್ಗಿಸಿಕೊಂಡ ರೂಯಿಬೋಸ್ ಚಹಾ ಇನ್ನೂ ಹಾಗೇ ಇದೆ. ಕ್ಷಯರೋಗಾಣುವಿನ ಪ್ರೋಟೀನಿನ ರಚನೆಯನ್ನು ನಾವು ಎಡಬಲ ತಿರುಗಿಸಿ ತೋರಿಸಿದ್ದೆವೆಂದು ಒಪ್ಪಿಕೊಂಡಿದ್ದೀರಿ. ಆದರೆ ಆ ತಪ್ಪು 'ಇತ್ತೀಚೆಗೆ ಗಮನಕ್ಕೆ ಬಂತು' ಎಂದು ಹೇಗೆ ಬರೆದಿರಿ?

ಲೇಖನ ಪ್ರಕಟವಾಗುವ ಮೊದಲು ನಮ್ಮ ಪ್ರಯೋಗಾಲಯದಲ್ಲಿ ನಡೆದ ಆ ಸಭೆ ನನಗೆ ಚೆನ್ನಾಗಿ ನೆನಪಿದೆ. ನೀರಿನಲ್ಲಿ ಕರಗಿದ ಪ್ರೋಟೀನಿಗೆ ಎಕ್ಸ್-ಕಿರಣ ಹಾಯಿಸಿದಾಗ ಸಿಕ್ಕ ಮಸುಕಾದ ಹೊರ ಆಕಾರವನ್ನೇ ನೀವು ಅದರ ಹರಳಿನಿಂದ ಪೂರ್ಣ ರಚನೆ ಬಿಡಿಸುವ ಲೆಕ್ಕಕ್ಕೆ ಆಧಾರ ಮಾಡಿಕೊಂಡಿದ್ದಿರಿ. ನಿಮ್ಮ ವಿದ್ಯಾರ್ಥಿನಿ ಜಿಂಟ್ಲೆ ಎದ್ದು ನಿಂತಳು.

"ಪ್ರೊಫೆಸರ್, ಇದು ಕೈಗವಸಿನ ನೆರಳಿದ್ದ ಹಾಗೆ. ಎಡಗೈದೋ ಬಲಗೈದೋ ಗೊತ್ತಾಗಲ್ಲ. ಇದರ ಕನ್ನಡಿ ರೂಪಾನೂ ಹಾಕಿ ನೋಡೋಣ."

"ಕನ್ನಡಿ ನೋಡ್ಕೊಳ್ಳೋಕೆ ಮನೇಲಿ ಟೈಮ್ ಸಿಗಲ್ವೇನಮ್ಮಾ?" ಎಂದಿರಿ. ಎಲ್ಲರೂ ನಕ್ಕರು. ಆಮೇಲೆ ಅವಳ ಪಿಎಚ್.ಡಿ. ಪ್ರಬಂಧಕ್ಕೆ ನೀವು ಸಹಿ ಹಾಕಲೇ ಇಲ್ಲ. ಅವಳೀಗ ಕೊಮಾನಿ ಊರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ.

ತಿದ್ದುಪಡಿಯಲ್ಲಿ ಅವಳ ಹೆಸರನ್ನು ಮತ್ತೆ ಮತ್ತೆ ಹುಡುಕಿದೆ. ಯಂತ್ರ ಎರವಲು ಕೊಟ್ಟವರಿಗೆಲ್ಲ ಕೃತಜ್ಞತೆ ಹೇಳಿದ್ದೀರಿ. ಅವಳ ಹೆಸರು ಎಲ್ಲಿಯೂ ಇಲ್ಲ.

ತಪ್ಪನ್ನು ಮೊದಲು ತೋರಿಸಿದವಳು ಜಿಂಟ್ಲೆ ಎಂದು ಬರೆಯಿರಿ, ಅವಳ ಪ್ರಬಂಧವನ್ನು ಪರೀಕ್ಷಕರಿಗೆ ಕಳುಹಿಸಿ. ಲೇಖನದಲ್ಲಿ ಇನ್ನೊಂದು ಹೆಸರಿಗೆ ಜಾಗವಿಲ್ಲ ಎನ್ನುವುದಾದರೆ ನನ್ನದನ್ನು ತೆಗೆದುಬಿಡಿ. ಆ ಜಾಗ ಅವಳಿಗೆ ಸಾಕು.

ಇಂತಿ, ಆ ದಿನ ಸಭೆಯಲ್ಲಿದ್ದ
ಲುಲಾಮಾ ಜೋಂಗಿಲಂಗಾ