ಕೊನೆಯ ನಟ್ಟು

ಅಪ್ಪಾಜಿ,

ನೀವು ತೀರಿಕೊಂಡ ಮೇಲೆ ಮೊದಲ ಸಲ ನಿಮ್ಮ ಮಿಲಿಟರಿ ಜೀಪಿಗೆ ಹೊಸ ಟಯರ್ ಹಾಕಿದೆ, ನಮ್ಮ ಅಂಗಳದಲ್ಲೇ.

ಮೊದಲು ಶಿರಾಳಕೊಪ್ಪದಲ್ಲಿ ಎಸ್‌ಟಿಡಿ ಬೂತಿನ ಪಕ್ಕದ ಪಂಕ್ಚರ್ ಅಂಗಡಿಗೇ ಒಯ್ದಿದ್ದೆ. ಈ ರಿಮ್ಮು ಎರಡು ಹೋಳಿನದು, ಟಯರಿನ ಅಂಚನ್ನು ನಡುವೆ ಕಚ್ಚಿ ಹಿಡಿಯುವಂಥದ್ದು ಎಂದು ಹೇಳುವಷ್ಟರಲ್ಲಿ ಅಂಗಡಿಯವನು ಗಾಳಿ ಬಿಡದೆಯೇ ಹೋಳುಗಳನ್ನು ಬೆಸೆದ ನಟ್ಟಿಗೆ ಸ್ಪ್ಯಾನರ್ ಹಾಕಿದ. "ತಡಿಯಪ್ಪಾ, ಸಿಡಿದ್ರೆ ಇಬ್ರೂ ಇರಲ್ಲ!" ಎಂದು ಕೂಗಿ ವಾಪಸ್ ತಂದೆ. ನನ್ನ ಬಾಯಲ್ಲಿ ನಿಮ್ಮದೇ ದನಿ ಬಂದಿತ್ತು.

ಕ್ಯಾಸನೂರಿನ ಕೆಸರಲ್ಲಿ ಎಲ್ಲರ ಗಾಡಿ ಹೂತರೂ ನಮ್ಮದು ಅರ್ಧ ಗಾಳಿಯಲ್ಲೇ ತೆವಳಿಕೊಂಡು ಹೊರಬರುತ್ತಿದ್ದುದು ಜೀಪಿನ ಹೆಚ್ಚುಗಾರಿಕೆ ಎಂದುಕೊಂಡಿದ್ದೆ. ಅದು ನಿಮ್ಮ ಕೈಯದೆಂದು ಇವತ್ತು ಗೊತ್ತಾಯಿತು. ಗಾಳಿ ಕಡಿಮೆಯಿದ್ದರೂ ಟಯರು ರಿಮ್ಮಿನಿಂದ ಜಾರದಿರಲು ಒಂದು ನಟ್ಟಾದ ಮೇಲೆ ಅದರ ಎದುರಿನದನ್ನೇ ಬಿಗಿಯಬೇಕು, ಅದೂ ಸುತ್ತಿ ಸುತ್ತಿ ಸ್ವಲ್ಪ ಸ್ವಲ್ಪವೇ. ನೀವು ವಚನ ಗುನುಗಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ನನಗೆ ಉಸಿರೇ ಸಾಲಲಿಲ್ಲ.

"ಅಂಗಡಿಗೆ ಕೊಡೋದ್ ಬಿಟ್ಟು ಇದೇನ್ರೀ ನಿಮ್ದು" ಎಂದು ಅಮ್ಮ ಪ್ರತಿ ಸಲ ಬೈಯುತ್ತಿದ್ದರಲ್ಲ, ಇವತ್ತು ಬೈಯಲಿಲ್ಲ. ಜಗಲಿಯ ಮೇಲೆ ಕೂತು ನೋಡುತ್ತಿದ್ದರು.

ನಡುವೆ ಒಂದೆರಡನ್ನು ನನಗೆ ಬಿಟ್ಟರೂ ಕೊನೆಯ ನಟ್ಟನ್ನು ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ನೀವೇ ಬಿಗಿಯುತ್ತಿದ್ದಿರಿ. ಇವತ್ತೂ ಅಲ್ಲಿಗೆ ಬಂದಾಗ ನಾನು ತಿರುಗಿಯೂ ನೋಡದೆ ಸ್ಪ್ಯಾನರನ್ನು ಹಿಂದಕ್ಕೆ ಚಾಚಿಬಿಟ್ಟೆ.

ಯಾರೋ ಅದನ್ನು ಇಸಿದುಕೊಂಡರು.

ನೋಡಿದರೆ ಅಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಲಿಯ ಪಕ್ಕ ಕೂತರು.

"ಯಾವ ಕಡಿಗೆ ತಿರುಗಿಸ್ತಿದ್ರೇ ಅವ್ರು?" ಎಂದು ಕೇಳಿದರು.