ಕಾಂಪೋಸ್ಟಿಗೆ ಬಿದ್ದ ಯೂರಿಯಾ

ರೋಹಿಣಿ, ದೆಹಲಿ

ಅಪ್ಪನಿಗೆ ಲಾವಣ್ಯಾಳ ನಮಸ್ಕಾರ.

ನೀವು ಮೈಸೂರಿಗೆ ಹೊರಟ ಮೇಲೆ, ತಾರಸಿಯಲ್ಲಿ ನನ್ನ ಎಂ.ಎಸ್ಸಿ. ಪ್ರಯೋಗಕ್ಕೆ ಬೆಳೆದ ಪಾಲಕ್ ಕೊಯ್ದು ತೂಗಿದೆ. ಯೂರಿಯಾ ಕುಂಡಗಳಿಗಿಂತ ಕಾಂಪೋಸ್ಟ್ ಕುಂಡಗಳಲ್ಲೇ ಇಳುವರಿ ಹೆಚ್ಚು! ಕುಣಿಯುತ್ತಾ ಅಮ್ಮನಿಗೆ ಫೋನ್ ಮಾಡಿದರೆ, "ಮಗಳು ಸೋಲಬಾರದು ಅಂತ ನಿಮ್ಮಪ್ಪ ದಿನಾ ಅದಕ್ಕೂ ಒಂದು ಚಿಟಿಕೆ ಯೂರಿಯಾ ಹಾಕ್ತಿದ್ರು ಕಣೇ" ಎಂದರು.

ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಪ್ರೊಫೆಸರಿಗೆ ನಿಜ ಹೇಳಿ, ಎಲ್ಲ ಅಂಕಿಗಳನ್ನೂ ಹೊಡೆದುಹಾಕಿ, ಇಂದು ಮತ್ತೆ ಬಿತ್ತಿದ್ದೇನೆ. ಕಾಂಪೋಸ್ಟಿನ ಸೊಪ್ಪು ತೂಕದಲ್ಲಿ ಸೋತರೆ ಸೋಲಲಿ. ಅದರ ರುಚಿ ಹೇಗಿದೆ, ಎಷ್ಟು ದಿನ ಬಾಡದೆ ಇರುತ್ತದೆ ಎಂಬುದನ್ನೂ ಈ ಸಲ ಬರೆದಿಡುತ್ತೇನೆ.

ಕೊಯ್ಲಿಗೆ ಮೊದಲೇ ಬನ್ನಿ. ನೀರು ಹಾಕುವ ಕೆಲಸ ನಿಮ್ಮದೇ. ತಾರಸಿ ಹತ್ತುವ ಮುಂಚೆ ಮಾತ್ರ ಜೇಬು ತೋರಿಸಬೇಕು.

ನಿಮ್ಮ ಹಟಮಾರಿ ಮಗಳು,
ಲಾವಣ್ಯಾ