ಕೆಂಪು ಹಲಗೆ

ಬನಿಯಾಸ್, ಅಬುಧಾಬಿ
೧೫ ನವೆಂಬರ್ ೨೦೨೫, ಶನಿವಾರ

ಪ್ರೀತಿಯ ಅಪೊಲೊನಿಯಾಗೆ,

ಮಹಾದೇವಿಯ ನೆನಪುಗಳು. ಈಗ ಮಧ್ಯಾಹ್ನ ಎರಡು ಗಂಟೆ. ಮಗ ತರುಣ ಟ್ಯೂಷನ್ನಿಗೆ ಹೋಗಿದ್ದಾನೆ. ಇವರು ಒಳಗೆ ಬೂಟಿಗೆ ಪಾಲಿಶ್ ಹಾಕುತ್ತಿದ್ದಾರೆ. ಸೋಮವಾರದವರೆಗೆ ಆ ಬೂಟು ಬೇಕಾಗುವುದಿಲ್ಲ. ಫೋನಿನಲ್ಲಿ ಹೇಳಬಹುದಾದದ್ದನ್ನೆಲ್ಲ ಕಳೆದ ವಾರ ಹೇಳಿದ್ದೇನೆ, ಉಳಿದದ್ದಕ್ಕೆ ಕಾಗದವೇ ಆಗಬೇಕು. ಎದುರುಮನೆಯ ತೆರೆಸಾ ಬರುವ ಬುಧವಾರ ರಜೆಯ ಮೇಲೆ ಗೋವೆಗೆ ಹೊರಟಿದ್ದಾಳೆ. ಅಲ್ಲಿಂದ ಖಾನಾಪುರಕ್ಕೆ ಅಂಚೆಗೆ ಹಾಕುತ್ತೇನೆ ಎಂದಿದ್ದಾಳೆ.

ಮೊದಲು ಒಂದು ಮಾತು. ನೀನು ಯಾವ ಪುಸ್ತಕವನ್ನಾದರೂ ಕೊನೆಯ ಪುಟದಿಂದ ಶುರು ಮಾಡುವವಳು. ಪಠಾಣಕೋಟಿನ ಮಿಲಿಟರಿ ಕ್ವಾರ್ಟರ್ಸಿನಲ್ಲಿ ನಾನು ಓದುತ್ತಿದ್ದ ಅನುವಾದದ ಕಾದಂಬರಿಯನ್ನು ಕಸಿದುಕೊಂಡು, ಕೊನೆಗೆ ಕಣ್ಣು ಹಾಯಿಸಿ, "ಆಂವ ಮನಿಗೆ ಬರೂದೇ ಇಲ್ಲ, ಸುಮ್ನ ಯಾಕ ಓದ್ತಿ?" ಎಂದವಳು ನೀನು. ಈ ಪತ್ರವನ್ನು ಹಾಗೆ ಓದಬೇಡ. ಬರೆದ ಕ್ರಮದಲ್ಲೇ ಓದು.

ನಿನ್ನ ಯಜಮಾನರ, ನಮ್ಮ ಬಸ್ತ್ಯಾಂವ್ ಅಣ್ಣನ ಹೊಸ ಕೃತಕ ಕಾಲು ಹೊಂದಿಕೊಂಡಿತೇ? ಹಳೆಯದು ಉಜ್ಜಿ ಗಾಯವಾಗುತ್ತಿತ್ತು ಎಂದು ನೀನು ಹೇಳಿದ್ದೆ. ಅಂಗಡಿಯಲ್ಲಿ ಈಗಲೂ ಕೂತೇ ಸೈಕಲ್ ರಿಪೇರಿ ಮಾಡುತ್ತಾರೋ, ಮಧ್ಯೆ ಎದ್ದು ಓಡಾಡುತ್ತಾರೋ, ಬರಿ.

ನಾವು ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಫೌಜಿನಲ್ಲಿ ಹೊಸ ಕುಟುಂಬ ಬಂದರೆ ಲಾರಿಯಿಂದ ಟ್ರಂಕು ಇಳಿಯುವ ಮೊದಲೇ ಪಕ್ಕದ ಮನೆಯಿಂದ ಚಹಾ ಬರುತ್ತಿತ್ತಲ್ಲ. ಇಲ್ಲಿ ಮೂರು ದಿನ ಕಾದೆ. ಯಾರೂ ಬರಲಿಲ್ಲ. ನಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಇವರನ್ನು ಕೇಳಿದೆ. "ಇದು ಯುನಿಟ್ ಅಲ್ಲ ಮಾರಾಯ್ತಿ, ಬಿಲ್ಡಿಂಗ್" ಎಂದರು. ನಾಲ್ಕನೆಯ ದಿನ ನಾನೇ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಎದುರಿನ ಬಾಗಿಲು ಬಡಿದೆ. ತೆರೆಸಾ ಆಸ್ಪತ್ರೆಯಲ್ಲಿ ನರ್ಸ್, ರಾತ್ರಿಪಾಳಿ ಮುಗಿಸಿ ಮಲಗಿದ್ದವಳು ಎದ್ದು ಬಂದಳು. ಹೊಸದಾಗಿ ಬಂದವರು ನೀವು, ಚಹಾ ತಂದವರೂ ನೀವೇನಾ ಎಂದು ನಕ್ಕಳು. ಇಲ್ಲಿ ನಾನು ಸಂಪಾದಿಸಿದ ಮೊದಲ ಗೆಳತಿ ಅವಳೇ.

ಟ್ರಂಕುಗಳಲ್ಲಿ ಎರಡನ್ನು ಮಾತ್ರ ತಂದಿದ್ದೇವೆ. ಇವರ ನಂಬರು, ಹೆಸರು, ಹುದ್ದೆ ಬಿಳಿ ಬಣ್ಣದಲ್ಲಿ ಹಾಗೇ ಇವೆ. ಮೇಲೆ ಚಾದರ ಹಾಸಿ ಕೂರುವುದಕ್ಕೆ ಬಳಸುತ್ತೇವೆ. ಗೋಡೆಗೆ ಮೊಳೆ ಹೊಡೆಯಲು ತಿಂಗಳುಗಟ್ಟಲೆ ನನಗೆ ಕೈ ಬರಲಿಲ್ಲ. ಕ್ವಾರ್ಟರ್ಸ್ ಬಿಡುವಾಗ ಕಟ್ಟಡ ನೋಡಿಕೊಳ್ಳುವ ಎಂ.ಇ.ಎಸ್.ನವರು ಗೋಡೆಯ ತೂತು ಎಣಿಸುತ್ತಿದ್ದುದು ನೆನಪಿದೆಯಲ್ಲ. ಕಳೆದ ಏಪ್ರಿಲ್‌ನಲ್ಲಿ ತರುಣ ಹತ್ತನೆಯ ತರಗತಿಗೆ ಹೋದ ದಿನ ನಾನೇ ಸುತ್ತಿಗೆ ಕೊಟ್ಟು, ಟೈಮ್‌ಟೇಬಲ್ ತೂಗುಹಾಕಲು ಮೊಳೆ ಹೊಡಿ ಎಂದೆ. ಇದು ಅವನ ಏಳನೆಯ ಶಾಲೆ. ಹನ್ನೆರಡನೆಯ ತರಗತಿ ಮುಗಿಯುವವರೆಗೆ ಇಲ್ಲಿಂದ ಕದಲುವುದಿಲ್ಲ ಎಂದು ಆ ದಿನ ಮಾತು ಕೊಟ್ಟೆ. ಅವನು ಎರಡೆರಡು ಬಾರಿ ಕೇಳಿದ. ಪ್ರಾಮಿಸ್ ಎಂದೆ.

ಈಗ ವಿಷಯಕ್ಕೆ ಬರುತ್ತೇನೆ.

ಇವರ ಕಂಪನಿ ಮುಸಫ್ಫಾದಲ್ಲಿದೆ. ಕ್ರೇನ್‌ಗಳನ್ನು ಬಾಡಿಗೆಗೆ ಕೊಡುವ ಕಂಪನಿ. ಇವರು ರಿಪೇರಿ ವಿಭಾಗದ ಸೂಪರ್‌ವೈಸರ್. ಪ್ರತಿ ಕ್ರೇನ್ ಹೊರಗೆ ಹೋಗುವ ಮೊದಲು ತಪಾಸಣೆ ಹಾಳೆಗೆ ಇವರ ಸಹಿ ಬೇಕು. ಈ ತಿಂಗಳು ಮೂರನೇ ತಾರೀಖು, ಒಂದು ದೊಡ್ಡ ಕ್ರೇನಿನ ಉಕ್ಕಿನ ಹಗ್ಗದಲ್ಲಿ ಎಳೆಗಳು ಹರಿದಿರುವುದನ್ನು ಇವರು ಕಂಡರು. ಇನ್ನೊಬ್ಬರಾಗಿದ್ದರೆ ಮ್ಯಾನೇಜರಿಗೆ ಒಂದು ಇಮೇಲ್ ಬರೆದು ಸುಮ್ಮನಾಗುತ್ತಿದ್ದರೇನೋ. ಇವರು ಪ್ಲೈವುಡ್ ತುಂಡಿಗೆ ಕೆಂಪು ಬಣ್ಣ ಬಳಿದು, ವಿ.ಓ.ಆರ್. ಎಂದು ಬರೆದು, ಕ್ರೇನಿನ ಕೊಕ್ಕೆಗೆ ತೂಗುಹಾಕಿದರು. ನಿನಗೆ ಹೇಳಬೇಕಾಗಿಲ್ಲ, ನಮ್ಮ ವರ್ಕ್‌ಶಾಪುಗಳಲ್ಲಿ ಆ ಕೆಂಪು ಹಲಗೆ ತೂಗಿದ ಗಾಡಿಯನ್ನು ಬ್ರಿಗೇಡಿಯರ್ ಬಂದರೂ ಕದಲಿಸುವಂತಿಲ್ಲ. ಹಾಕಿದವನೇ ತೆಗೆಯಬೇಕು. ಇಲ್ಲಿ ಆ ಮೂರು ಅಕ್ಷರಗಳ ಅರ್ಥ 'ವೆಹಿಕಲ್ ಆಫ್ ರೋಡ್' ಎಂದು ಯಾರಿಗೂ ಗೊತ್ತಿಲ್ಲ. ಡ್ರೈವರ್‌ಗಳು ಅದನ್ನು ಕ್ರೇನಿನ ಹೆಸರೆಂದು ತಿಳಿದರಂತೆ.

ಮ್ಯಾನೇಜರ್ ಶಾನವಾಝ್ ಭಟ್ಕಳದವರು. ಕೆಟ್ಟವರಲ್ಲ. ಕಳೆದ ರಮ್ಜಾನಿನಲ್ಲಿ ಮೆಕ್ಯಾನಿಕ್‌ಗಳ ಜೊತೆ ನೆಲದ ಮೇಲೆ ಕೂತು ಉಂಡವರು. ಹೊಸ ಹಗ್ಗ ಬರಲು ಮೂರು ವಾರ ಬೇಕು, ಕ್ರೇನು ಹದಿನೇಳಕ್ಕೆ, ಅಂದರೆ ಸೋಮವಾರ, ಒಂದು ಕಟ್ಟಡದ ಕೆಲಸಕ್ಕೆ ಹೋಗಬೇಕು. ಅವರು ಇವರಿಗೆ, "ಸುಬೇದಾರ್ ಸಾಬ್, ಬರೀ ಮೂರು ವಾರ. ಅರ್ಧ ತೂಕ ಎತ್ತಿಸುವ. ನೀವು ಸಹಿ ಮಾಡಿ, ಉಳಿದದ್ದು ನಾ ನೋಡಿಕೊಳ್ತೇನೆ" ಎಂದರು. ಇವರು ಆಗುವುದಿಲ್ಲ ಎಂದರು. ಹಾಗಾದರೆ ಸಹಿ ಮಾಡುವವರನ್ನು ಹುಡುಕಬೇಕಾಗ್ತದೆ ಎಂದರಂತೆ ಅವರು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಶಾಲೆ. ತರುಣನ ಬೋರ್ಡ್ ಪರೀಕ್ಷೆ ಫೆಬ್ರವರಿಯಲ್ಲಿ.

ಇನ್ನು ನಾನು ಮಾಡಿದ್ದು. ನೀನು ಬೈಯುತ್ತೀಯೋ ನಗುತ್ತೀಯೋ ತಿಳಿಯದು.

ಗಂಡಂದಿರ ನಡುವೆ ಬಿಗಿಯಾದ ಗಂಟನ್ನು ನಾವು ಹೇಗೆ ಸಡಿಲಿಸುತ್ತಿದ್ದೆವು? ಯುನಿಟ್ಟಿನ ದೊಡ್ಡ ಅಧಿಕಾರಿ ಸಿ.ಓ. ಸಾಹೇಬರ ಮನೆಗೆ, ಮೇಮ್‌ಸಾಬ್ ಬಳಿ ಹೋಗುತ್ತಿದ್ದೆವು. ರಜೆ ಸಿಗದಿದ್ದರೆ, ಕ್ವಾರ್ಟರ್ ಸಿಗದಿದ್ದರೆ, ಒಂದು ಡಬ್ಬಿ ತಿಂಡಿ, ಅರ್ಧ ಗಂಟೆ ಮಾತು. ಹತ್ತೊಂಬತ್ತು ವರ್ಷ ನನಗೆ ತಿಳಿದಿದ್ದ ದಾರಿ ಅದೊಂದೇ. ಮೊನ್ನೆ ಬುಧವಾರ ಇವರಿಗೆ ಹೇಳದೆ ಶೇಂಗಾ ಹೋಳಿಗೆ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ, ಇಳಕಲ್ ಸೀರೆ ಉಟ್ಟು, ಬಸ್ಸು ಹಿಡಿದು ಶಾನವಾಝರ ಮನೆಗೆ ಹೋದೆ.

ಅವರ ಹೆಂಡತಿ ರುಬೀನ ನನಗಿಂತ ಹತ್ತು ವರ್ಷ ಚಿಕ್ಕವಳು. ಪಾಪ, ಗಾಬರಿಯಾದಳು. "ಅಯ್ಯೋ ಅಕ್ಕಾ, ಇದೆಲ್ಲ ಯಾಕೆ ತಂದದ್ದು? ಯಾರ ಮದುವೆ?" ಎಂದಳು. ನಾನು ಕೂತು ಮಗನ ಪರೀಕ್ಷೆ, ಏಳು ಶಾಲೆ, ಇವರ ಹಟ, ಎಲ್ಲ ಹೇಳಿದೆ. ಸಾಹೇಬರಿಗೆ ಸ್ವಲ್ಪ ತಾಳ್ಮೆಯಿಂದಿರಲು ಹೇಳು, ಇವರ ಮನಸ್ಸನ್ನು ನಾನು ತಿರುಗಿಸುತ್ತೇನೆ ಎಂದೆ. ಹೌದು, ಹಾಗೆಂದೇ ಹೇಳಿದೆ. ಅವಳು ನನ್ನ ಕೈ ಹಿಡಿದು, "ಆಫೀಸಿನ ಸಂಗತಿ ಅವರು ಮನೆಯಲ್ಲಿ ಹೇಳುದಿಲ್ಲ ಅಕ್ಕಾ, ನಾ ಕೇಳುದೂ ಇಲ್ಲ" ಎಂದಳು. ಆಗಲೇ ಎದ್ದು ಬರಬೇಕಿತ್ತು. ಇನ್ನೊಂದು ಕಪ್ ಚಹಾ ಕುಡಿದು ಬಂದೆ.

ಗುರುವಾರ ಶಾನವಾಝ್ ಇವರನ್ನು ಕ್ಯಾಬಿನ್ನಿಗೆ ಕರೆದರು. "ನಿಮ್ಮ ಮನೆಯವ್ರು ಬಂದಿದ್ರು. ಒಳ್ಳೇದಾಯ್ತು. ಖಲಾಸ್, ಇನ್ನು ಮಾತು ಬೇಡ. ಸೋಮವಾರ ಏಳು ಗಂಟೆಗೆ ಸಹಿ. ಯಲ್ಲಾ, ಇನ್ನು ಹೊರಡಿ" ಎಂದು ಬೆನ್ನು ತಟ್ಟಿ ನನ್ನ ಡಬ್ಬಿಯನ್ನು ಕೈಗಿತ್ತರು. ಡಬ್ಬಿ ಖಾಲಿ ಕಳಿಸಬಾರದೆಂದು ರುಬೀನ ಖರ್ಜೂರ ತುಂಬಿಸಿದ್ದಳು.

ಇವರು ಮನೆಗೆ ಬಂದು ಡಬ್ಬಿಯನ್ನು ಟ್ರಂಕಿನ ಮೇಲಿಟ್ಟರು. "ನೀ ಹೋಗಿದ್ದೇನು?" ಎಂದರು. ಹೌದೆಂದೆ. "ನಾನಽ ಕಳಿಸೀನಿ ಅಂತ ತಿಳ್ಕೊಂಡಾರ ಅವರು. ಹೇಣ್ತಿನ್ನ ಮುಂದ ಮಾಡಿ ಒಪ್ಪಿಕೊಂಡಾನ ಅಂತ." ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪಾಯಿತು ಎನ್ನುವ ಬದಲು ನಾನು, "ಇಪ್ಪತ್ತೆಂಟು ವರ್ಷ ಸರಕಾರಕ್ಕ ಕೊಟ್ರಿ. ಮಗನಿಗೆ ಒಂದು ಸಹಿ ಕೊಡ್ರಿ" ಎಂದೆ.

ಅವರು ಡಬ್ಬಿಯನ್ನು ಎತ್ತಿ ಅಡುಗೆಮನೆಯಲ್ಲಿಟ್ಟರು. ನಿನ್ನೆ ಬೆಳಿಗ್ಗೆ, ತರುಣ ಶಾಲೆಗೆ ಹೋದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಂಗತಿ ಹೇಳಿದರು. ನಾನು ಹಿಟ್ಟು ನಾದುತ್ತಿದ್ದೆ. ಅವರು ಹೇಳಿ ಮುಗಿಸಿದಾಗ ಹಿಟ್ಟಿಗೆ ನೀರು ಹೆಚ್ಚಾಗಿತ್ತು. ಅದನ್ನು ಕೆಳಗೆ ಬರೆಯುತ್ತೇನೆ. ಅದನ್ನು ಕೇಳಿದ ಮೇಲೆ ಸಹಿಯ ಮಾತನ್ನು ನಾನು ಎತ್ತಲಿಲ್ಲ, ಇನ್ನು ಎತ್ತುವುದೂ ಇಲ್ಲ.

ನಾವು ತೀರ್ಮಾನಿಸಿದ್ದು ಇಷ್ಟು. ಸೋಮವಾರ ಏಳಕ್ಕೆ ಇವರು ತಪಾಸಣೆ ಹಾಳೆಯ ಬದಲು ಒಂದು ಪತ್ರ ಕೊಡುತ್ತಾರೆ. ಹಗ್ಗದಲ್ಲಿ ಎಷ್ಟು ಎಳೆ ಹರಿದಿವೆ, ಎಲ್ಲಿ, ಯಾವ ದಿನ ಕಂಡದ್ದು, ಎಲ್ಲ ಅದರಲ್ಲಿದೆ. ಆ ಪತ್ರದ ಇನ್ನೊಂದು ಪ್ರತಿಯನ್ನು, ಕ್ರೇನನ್ನು ಬಾಡಿಗೆಗೆ ಪಡೆದವರಿಗೆ ಕೊಡುತ್ತಾರೆ. ಇವರ ಬದಲು ಬೇರೆ ಯಾರೂ ಸಹಿ ಮಾಡದಿರಲಿ ಎಂದು. ಕೆಲಸ ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿದೆ. ನೋಟಿಸಿನ ದಿನಗಳು, ಆಮೇಲೆ ವೀಸಾ ರದ್ದಾದವರಿಗೆ ದೇಶ ಬಿಡಲು ಕೊಡುವ ಗಡುವು, ಎರಡೂ ಸೇರಿದರೆ ಪರೀಕ್ಷೆಯವರೆಗೆ ಎಟಕಬಹುದು. ಹನ್ನೆರಡನೆಯ ತರಗತಿಯವರೆಗೆ ಎಟಕುವುದಿಲ್ಲ.

ನಿನ್ನೆ ಸಂಜೆ ತರುಣನಿಗೆ ಕ್ರೇನಿನ ವಿಷಯ ಹೇಳಿದೆವು. ಮಾತು ತಪ್ಪಿದವಳು ನಾನೆಂದೂ ಹೇಳಿದೆ. ಗೋಡೆಯ ಮೊಳೆಯನ್ನು ನೋಡುತ್ತಾ ಕೂತಿದ್ದ. "ಎಯ್ಟ್ತ್ ಸ್ಕೂಲ್" ಎಂದ. ಆಮೇಲೆ, "ಓಕೆ. ಬಟ್ ಐ ಆ್ಯಮ್ ನಾಟ್ ಪೇಂಟಿಂಗ್ ದೋಸ್ ಟ್ರಂಕ್ಸ್ ಅಗೇನ್" ಎಂದ. ಇವರು, "ನಾ ಬಳೀತೀನಿ, ನೀ ಓದ್ಕೊ" ಎಂದರು. ನನ್ನೊಡನೆ ಅವನು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಇಷ್ಟೇ. ಅಣ್ಣನಿಗೆ ನಮಸ್ಕಾರ ಹೇಳು. ಕೆಳಗಿನದನ್ನು ಓದಿದ ಮೇಲೂ ಹೇಳಬೇಕೆನಿಸಿದರೆ ಮಾತ್ರ.

ನಿನ್ನ
ಮಹಾದೇವಿ

ತಾ.ಕ.: ಹನ್ನೊಂದು ವರ್ಷದ ಹಿಂದೆ, ಕೆಸರಲ್ಲಿ ಹೂತ ಲಾರಿಯನ್ನು ಎಳೆಯುವಾಗ ಉಕ್ಕಿನ ಹಗ್ಗ ಹರಿದು ಬಸ್ತ್ಯಾಂವ್ ಅಣ್ಣನ ಕಾಲಿಗೆ ಬಡಿಯಿತಲ್ಲ, ಆ ಹಗ್ಗದಲ್ಲಿ ಎರಡು ದಿನ ಮೊದಲೇ ಎಳೆಗಳು ಹರಿದಿದ್ದವು. ಇವರು ನೋಡಿದ್ದರು. ಹೊಸ ಹಗ್ಗ ಬಂದಿರಲಿಲ್ಲ, ಎಳೆಯುವ ಗಾಡಿ ಯುದ್ಧಾಭ್ಯಾಸಕ್ಕೆ ಹೋಗಬೇಕಿತ್ತು, ಕೆಂಪು ಹಲಗೆ ಕೈಯಲ್ಲಿದ್ದರೂ ತೂಗುಹಾಕದೆ 'ಫಿಟ್' ಎಂದು ಬರೆದು ಸಹಿ ಮಾಡಿದರು. ಆಸ್ಪತ್ರೆಯ ವರಾಂಡದಲ್ಲಿ ನೀನು, "ಹೊನ್ನಪ್ಪಣ್ಣ, ಆ ಗಾಡಿ ಪಾಸ್ ಮಾಡಿದವ್ರು ಯಾರು?" ಎಂದು ಇವರನ್ನು ಕೇಳಿದಾಗ, ಕಾಗದ ವಿಚಾರಣೆಗೆ ಹೋಗಿದೆ, ಗೊತ್ತಿಲ್ಲ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ, ನಂಬಿದ್ದೆ. ಹಗ್ಗದ ಸವೆತ ಮೊದಲೇ ತಿಳಿಯುವಂತಿರಲಿಲ್ಲ ಎಂದು ವಿಚಾರಣೆ ಮುಗಿಯಿತು. ಪ್ರತಿ ಕ್ರಿಸ್‌ಮಸ್ಸಿಗೆ ಅಣ್ಣನಿಗೆ ಫೋನ್ ಮಾಡಿ ಇವರು ಬರೀ ಹವಾಮಾನದ ಮಾತಾಡುತ್ತಿದ್ದುದು ಯಾಕೆಂದು ನನಗೆ ನಿನ್ನೆ ತಿಳಿಯಿತು.

ಇದನ್ನು ಅವರೇ ಬರೆಯಬೇಕೆಂದು ನಿನ್ನೆಯಿಂದ ಮೂರು ಬಾರಿ ಕಾಗದ ಹಿಡಿದು ಕೂತರು. ನಿಮ್ಮಿಬ್ಬರ ಹೆಸರು ಬರೆದು ಅಲ್ಲಿಗೇ ನಿಂತರು. ಕೊನೆಗೆ, "ನೀ ಬರಿ. ನಾ ಓದಿ ಸಹಿ ಮಾಡ್ತೀನಿ" ಎಂದರು. ಕೆಳಗೆ ಜಾಗ ಬಿಟ್ಟಿದ್ದೇನೆ. ಸಂಜೆ ಚಹಾ ಆದ ಮೇಲೆ ಕೊಡುತ್ತೇನೆ. ಸಹಿ ಇಲ್ಲದೆ ಇದನ್ನು ತೆರೆಸಾಳ ಕೈಗೆ ಕೊಡುವುದಿಲ್ಲ.